ಅಪ್ಪಯ್ಯ ಕೇಳಿದ ಪ್ರಶ್ನೆ

ಲಂಡನ್

ತೀರ್ಥರೂಪು ಅಪ್ಪಯ್ಯನವರಿಗೆ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಚಾರ್ಟರ್ಡ್ ಇಂಜಿನಿಯರ್ ಆದೆ ಅಂತ ಫೋನಿನಲ್ಲಿ ಹೇಳಿದಾಗ ನೀವು, "ಸೇತುವೆ ಕಟ್ಟುವವರಿಗೆ ರಾಜನ ಸನದು ಯಾಕೆ ಮಾರಾಯ್ತಿ?" ಅಂದಿರಿ. ಅಷ್ಟರಲ್ಲಿ ಲೈನ್ ಕಟ್ಟಾಯಿತು. ಉತ್ತರ ಇಲ್ಲಿದೆ. 'ಚಾರ್ಟರ್' ಅಂದರೆ ಆ ಸನದೇ, ಸಂಸ್ಥೆಗೆ ರಾಜ ಕೊಡುವ ಅಧಿಕಾರಪತ್ರ.

1818ರಲ್ಲಿ ಇಲ್ಲಿನ ಫ್ಲೀಟ್ ಸ್ಟ್ರೀಟಿನ ಒಂದು ಕಾಫಿ ಹೌಸಿನಲ್ಲಿ ಕೆಲವು ಹುಡುಗರು ಸೇರಿ ಸಿವಿಲ್ ಇಂಜಿನಿಯರುಗಳ ಸಂಸ್ಥೆ ಕಟ್ಟಿದರು. ಪಾಪ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎರಡು ವರ್ಷದ ಮೇಲೆ ಥಾಮಸ್ ಟೆಲ್ಫರ್ಡ್ ಅಧ್ಯಕ್ಷರಾದ ಮೇಲೇ ಅದಕ್ಕೆ ಜೀವ ಬಂದದ್ದು. ಕುರಿ ಕಾಯುವವನ ಮಗ, ಕಲ್ಲುಕುಟಿಗನಾಗಿ ಕೆಲಸ ಶುರುಮಾಡಿದ ಮನುಷ್ಯ! 1828ರಲ್ಲಿ ನಾಲ್ಕನೇ ಜಾರ್ಜ್ ಸನದು ಕೊಟ್ಟ. ಅಲ್ಲಿಂದ ಸಂಸ್ಥೆಗೇ ಒಬ್ಬ ವ್ಯಕ್ತಿಯ ಹಾಗೆ ಕಾನೂನಿನಲ್ಲಿ ಸ್ಥಾನ: ಆಸ್ತಿ ಮಾಡಬಹುದು, ದಾವೆ ಹೂಡಬಹುದು, ಸದಸ್ಯರು ಸತ್ತರೂ ಅದು ಸಾಯುವುದಿಲ್ಲ.

ಹಾಗಂತ ರಾಜ ಬಂದು ನಮ್ಮ ಪರೀಕ್ಷೆ ಮಾಡುವುದಿಲ್ಲ. ಯಾರನ್ನು ಸೇರಿಸಿಕೊಳ್ಳಬೇಕು, ತಪ್ಪು ಮಾಡಿದವರನ್ನು ಹೇಗೆ ಹೊರಗೆ ಹಾಕಬೇಕು, ಎಲ್ಲ ಸದಸ್ಯರೇ ನೋಡಿಕೊಳ್ಳುತ್ತಾರೆ. ಆದರೆ ಸನದಿನ ಒಂದು ಸಾಲು ತಿದ್ದಬೇಕಾದರೂ ಸದಸ್ಯರ ಮತ ಸಾಲದು, ರಾಜನ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್ ಒಪ್ಪಬೇಕು. ಹೌದು, ಅಜ್ಜಯ್ಯ ಹೇಳುತ್ತಿದ್ದ ಗದ್ದೆ ಖಟ್ಲೆಯ ಕಥೆಗಳಲ್ಲಿ ಬರುತ್ತಿತ್ತಲ್ಲ, ಅದೇ ಪ್ರಿವಿ ಕೌನ್ಸಿಲ್! ಅದರ ಸಭೆ ನಿಂತುಕೊಂಡೇ ನಡೆಯುತ್ತದಂತೆ. ಒಂದೊಂದೇ ವಿಷಯ ಓದುತ್ತಾರೆ, ರಾಜ "ಒಪ್ಪಿಗೆ" ಅನ್ನುತ್ತಾನೆ, ಮುಗಿಯಿತು. ನಾಟಕ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಈ ತಡೆ ಇಲ್ಲದಿದ್ದರೆ ಒಂದು ವರ್ಷ ಗೆದ್ದ ಗುಂಪು ಸಂಸ್ಥೆಯ ಉದ್ದೇಶವನ್ನೇ ಬದಲಾಯಿಸಿಬಿಡಬಹುದು. ನಮ್ಮೂರಿನ ಸೊಸೈಟಿ ಚುನಾವಣೆ ನೆನಪಿದೆಯಲ್ಲ?

ಇನ್ನೊಂದು ತಮಾಷೆ. ಇಲ್ಲಿ ಬರೀ 'ಇಂಜಿನಿಯರ್' ಅನ್ನುವ ಹೆಸರಿಗೆ ಕಾವಲೇ ಇಲ್ಲ. ಹೋದ ವಾರ ನಮ್ಮ ವಾಷಿಂಗ್ ಮೆಷಿನ್ ರಿಪೇರಿಗೆ ಬಂದವನೂ ಇಂಜಿನಿಯರೇ. 'ಚಾರ್ಟರ್ಡ್' ಸೇರಿದರೆ ಮಾತ್ರ ಕಾವಲು. ಮೆಷಿನ್ ಅಂತೂ ಅವನೇ ಸರಿಮಾಡಿದ, ನನ್ನ ಕೈಲಿ ಆಗಲಿಲ್ಲ.

ಅಂದ ಹಾಗೆ, ನನ್ನನ್ನು ನಗಾಡುವ ಮೊದಲು ಜಗಲಿಯ ಗೋಡೆ ನೋಡಿ. ಪಿಡಬ್ಲ್ಯುಡಿ ಕೆಲಸ ಮುಗಿಸಿ ಬಂದು ರಾತ್ರಿ ಓದಿ ನೀವು ಎಎಂಐಇ ಅನ್ನುವ ಇಂಜಿನಿಯರಿಂಗ್ ಪರೀಕ್ಷೆ ಪಾಸು ಮಾಡಿದಿರಲ್ಲ, ಅದನ್ನು ನಡೆಸಿದ ಕೋಲ್ಕತ್ತದ ಇಂಜಿನಿಯರುಗಳ ಸಂಸ್ಥೆಗೂ 1935ರಲ್ಲಿ ಐದನೇ ಜಾರ್ಜ್ ಕೊಟ್ಟ ಸನದಿದೆ. ಸರ್ಟಿಫಿಕೇಟಿನಲ್ಲಿ ಸಂಸ್ಥೆಯ ಹೆಸರಿನ ಕೆಳಗೆ ಬರೆದಿರಬೇಕು. ಕನ್ನಡಕ ಹಾಕಿಕೊಂಡು ಓದಿ, ಭಾನುವಾರ ಫೋನಿನಲ್ಲಿ ಹೇಳಿ.

ಅಮ್ಮನಿಗೆ ಹಪ್ಪಳ ತಲುಪಿತು ಅನ್ನಿ.

ನಿಮ್ಮ ಮಗಳು