ಪೆಂಗ್ವಿನ್ ಬರೆಯುವ ಗೋಡೆಗಳಲ್ಲಿ ಚಿತ್ತಾರಕ್ಕೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಜೂನ್ 5ರ ವಿಶ್ವ ಪರಿಸರ ದಿನ ಹತ್ತಿರವಾಯಿತೆಂದರೆ ನಮ್ಮ ಮಲೆನಾಡಿನ ಪಟ್ಟಣಗಳ ಕಾಂಪೌಂಡ್ ಗೋಡೆಗಳಿಗೆ ಬಣ್ಣದ ಯೋಗ ಕೂಡಿಬರುತ್ತದೆ. ಭೂಗೋಳವನ್ನು ಎತ್ತಿ ಹಿಡಿದ ಎರಡು ಕೈಗಳು, ಕಣ್ಣೀರಿಡುವ ಮರ, ಕರಗುವ ಮಂಜುಗಡ್ಡೆಯ ಮೇಲೊಂದು ಪೆಂಗ್ವಿನ್. ಶರಾವತಿ ಸೀಮೆಯಲ್ಲಿ ಪೆಂಗ್ವಿನ್‌ಗೆ ಏನು ಕೆಲಸವೋ ನಾನರಿಯೆ. ಚಿತ್ರ ಮುಗಿದ ಮೇಲೆ ಖಾಲಿ ಡಬ್ಬಿಗಳು ಅದೇ ಗೋಡೆಯ ಬುಡದ ಚರಂಡಿಯಲ್ಲಿ ಬಿದ್ದಿರುತ್ತವೆ. ಇದಕ್ಕೆ ಪರಿಸರ ಕಲೆ ಎಂಬ ಹೆಸರು, ಉದ್ಘಾಟನೆಗೊಂದು ಫ್ಲೆಕ್ಸು.

ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾದವಳು ನಾನು. ಬಣ್ಣ ಬಳಿಯುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಅವರಲ್ಲಿ ಕೆಲವರು ನನ್ನ ಶಿಷ್ಯರೇ. ಈ ನೆಲದ ಮೇಲಿನ ಅಕ್ಕರೆಯಿಂದಲೇ ಹುಟ್ಟಿ, ಈ ನೆಲದ ಮಣ್ಣು, ನಾರು, ಕಾಯಿಗಳಿಂದಲೇ ಆಗುವ ಚಿತ್ತಾರವೆಂಬ ಚಿತ್ರಕಲೆಯೊಂದು ನಮ್ಮ ಮನೆಗಳಲ್ಲಿರುವಾಗ, ಅದನ್ನು ಬಲ್ಲ ಹೆಂಗಸರನ್ನು ಈ ಗೋಡೆಗಳ ಬಳಿಗೆ ಯಾರೂ ಕರೆಯುವುದಿಲ್ಲವಲ್ಲ ಎಂಬುದು ನನ್ನ ತಕರಾರು.

ಸಾಗರ, ಸೊರಬದ ದೀವರ ಸಮುದಾಯದ ಮನೆಗಳ ಭೂಮಿ ಹುಣ್ಣಿಮೆಯನ್ನು ನಿಮ್ಮ ಓದುಗರಲ್ಲಿ ಹಲವರು ಬಲ್ಲರು. ಆಶ್ವಯುಜ ಮಾಸದ ಹುಣ್ಣಿಮೆಯ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆಯಾಗಿ, ತೆನೆಯಲ್ಲಿ ಹಾಲು ಕಟ್ಟುತ್ತಿರುತ್ತದೆ. ಭೂಮಿ ಬಸುರಿ. ಬಸುರಿಗೆ ಬಯಕೆ ಉಣಿಸಬೇಕು. ಹಿಂದಿನ ದಿನವೇ ಹಿತ್ತಲು, ಬ್ಯಾಣ, ಬೇಲಿಸಾಲುಗಳಲ್ಲಿ ಅಲೆದು ತಂದ ಸೊಪ್ಪು, ಕುಡಿಗಳನ್ನು ರಾತ್ರಿಯಿಡೀ ಬೇಯಿಸಿ, ಬೆಳಕು ಹರಿಯುವ ಮುನ್ನ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಒಯ್ದು ಭೂಮಿಗೆ ಎಡೆಯಾಗಿ ಚರಗ ಚೆಲ್ಲುತ್ತೇವೆ. ಆ ಬುಟ್ಟಿಯೇ ಭೂಮಣ್ಣಿ ಬುಟ್ಟಿ. ಅದಕ್ಕೆ ಸಗಣಿ ಸಾರಿಸಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ನಮ್ಮ ಅವ್ವ ದಸರೆ ಮುಗಿಯುತ್ತಿದ್ದಂತೆ ಬುಟ್ಟಿ ಹಿಡಿದು ಕೂರುತ್ತಿದ್ದಳು. ಹಗಲೆಲ್ಲ ಗದ್ದೆ, ಕೊಟ್ಟಿಗೆಯ ಕೆಲಸ, ಬರೆಯುವುದು ರಾತ್ರಿ ದೀಪದ ಬೆಳಕಿನಲ್ಲಿ. ಭತ್ತದ ಸಸಿ, ಬಳ್ಳಿ, ಗಾಡಿ, ಏಣಿ, ಇರುವೆಯ ಸಾಲು, ಎಲ್ಲವೂ ಅವಳು ದಿನಾ ನೋಡುವವೇ. ಬರೆಯುತ್ತ ಬರೆಯುತ್ತ, ಈ ಸಲ ಕೆಳಗಿನ ಮಡಿಯಲ್ಲಿ ತೆನೆ ತೆಳುವಾಗಿದೆ ಎಂದು ಅಪ್ಪನಿಗೆ ವರದಿಯನ್ನೂ ಒಪ್ಪಿಸುತ್ತಿದ್ದಳು.

ಮದುವೆ ಮನೆಯಲ್ಲಿ ವಧೂವರರು ಕೂರುವ ಹಸೆಯ ಹಿಂದಿನ ಗೋಡೆ, ಅಂದರೆ ಹಸೆಗೋಡೆಯಾದರೆ ಕೆಲಸ ಇನ್ನೂ ಬಿಗಿ. ಕೆಮ್ಮಣ್ಣಿನ ಗೋಡೆ, ನೆನೆಸಿ ಅರೆದ ಅಕ್ಕಿಯ ಬಿಳಿ, ಸೀಯುವಂತೆ ಹುರಿದ ಅಕ್ಕಿಯ ಕಪ್ಪು, ಗುರಿಗೆ ಎಂಬ ಕಾಡುಕಾಯಿಯ ಹಳದಿ. ಕುಂಚ ಅಂಗಡಿಯದ್ದಲ್ಲ, ಪುಂಡಿ ನಾರಿನದು. ಆ ನಾರಿನಲ್ಲಿ ಒಂದರ ಪಕ್ಕ ಒಂದು ಕೂದಲೆಳೆಯಷ್ಟು ಸಣ್ಣ ಗೆರೆ ಎಳೆಯಬೇಕು, ಎಲ್ಲೂ ಕೂಡಬಾರದು, ಎಲ್ಲೂ ಕಡಿಯಬಾರದು. ಜೋಗಿ ಜಡೆ ಎಂಬ ವಿನ್ಯಾಸ ಬರೆಯಲು ಕುಳಿತರೆ ಸೊಂಟ ಹಿಡಿಯುತ್ತದೆ. ಬೇಸಿಗೆ ರಜೆಯಲ್ಲಿ ನನ್ನ ಶಾಲೆಯ ಮಕ್ಕಳಿಗೆ ಇದನ್ನು ಕಲಿಸಲು ಕೂರಿಸಿದಾಗ, ಕಾಗದದ ಮೇಲೆ ಚೆನ್ನಾಗಿ ಬರೆಯುವ ಹುಡುಗರೇ ಮೊದಲು ಎದ್ದು ಹೋದರು. ಉಳಿದವರು ಮನೆಯಲ್ಲಿ ಅಜ್ಜಿಗೆ ಅಕ್ಕಿ ಅರೆದುಕೊಟ್ಟ ಹೆಣ್ಣುಮಕ್ಕಳು.

ಕಲಾ ಕಾಲೇಜುಗಳಲ್ಲಿ ಭೂಕಲೆ (ನೆಲವನ್ನೇ ಬಳಸಿ ಮಾಡುವ ಕಲೆ) ಎಂದರೆ ಮೊದಲು ತೋರಿಸುವುದು ಅಮೆರಿಕದ ಯೂಟಾ ರಾಜ್ಯದ ಉಪ್ಪಿನ ಸರೋವರದಲ್ಲಿ ಕಲಾವಿದ ರಾಬರ್ಟ್ ಸ್ಮಿತ್ಸನ್ 1970ರಲ್ಲಿ ಕಪ್ಪು ಕಲ್ಲು, ಮಣ್ಣು ಸುರಿದು ಮಾಡಿದ ಸುಮಾರು 1,500 ಅಡಿ ಉದ್ದದ ಸುರುಳಿಯನ್ನು. ನೀರು ಏರಿದಾಗ ಅದು ಮುಳುಗುತ್ತದೆ, ಇಳಿದಾಗ ಉಪ್ಪು ಮೆತ್ತಿಕೊಂಡು ಮೇಲೇಳುತ್ತದೆ. ದೊಡ್ಡ ಕೆಲಸವೇ, ನಾನೂ ಮೆಚ್ಚಿದ್ದೇನೆ. (ಲಿಂಗನಮಕ್ಕಿ ಜಲಾಶಯದ ನೀರು ತಳ ಕಂಡ ವರ್ಷ ಅದರಲ್ಲಿ ಮುಳುಗಿದ ಹಳೆಯ ಹಿರೇಭಾಸ್ಕರ ಅಣೆಕಟ್ಟೆ ಮೇಲೆದ್ದಾಗ ನಮ್ಮ ಕಡೆಯವರು ಮಂಕಾಗಿ ನಿಂತು ನೋಡುವುದನ್ನು ಕಂಡವರಿಗೆ ಆ ಸುರುಳಿಯನ್ನು ವಿವರಿಸಬೇಕಾಗಿಲ್ಲ.) ಆದರೆ ವರ್ಷವರ್ಷವೂ ಹೊಸದಾಗಿ ಬರೆದು, ಹೊತ್ತು, ಉಣಿಸಿ, ಅನ್ನದ ಒಂದು ಪಾಲನ್ನು ಗದ್ದೆಯ ಮಣ್ಣಿನಲ್ಲೇ ಹುಗಿದು ಬರುವ ನಮ್ಮ ಹೆಂಗಸರ ಕೆಲಸ ಮಾತ್ರ ಪಠ್ಯದಲ್ಲಿ ‘ಜನಪದ ಅಲಂಕಾರ’ದ ಮೂಲೆಗೆ ಸೇರುತ್ತದೆ. ಇದು ಯಾವ ನ್ಯಾಯ?

ಇನ್ನೊಂದು ಮಾತು. ಗದ್ದೆಗಳು ಅಡಿಕೆ ತೋಟಗಳಾಗಿವೆ, ಉಳಿದವಕ್ಕೆ ಶುಂಠಿ ಬಂದಿದೆ. ಬುಟ್ಟಿ ಈಗ ಎಷ್ಟೋ ಮನೆಗಳಿಂದ ತೋಟಕ್ಕೇ ಹೋಗುತ್ತದೆ. ಸೊಪ್ಪಿಗೆ ಅಲೆಯುತ್ತಿದ್ದ ಗುಡ್ಡಗಳಲ್ಲಿ ಅಕೇಶಿಯಾ ನಿಂತಿದೆ, ಅದರ ಬುಡದಲ್ಲಿ ಕಿತ್ತು ತರುವಂಥದ್ದು ಏನೂ ಇಲ್ಲ. ಗುರಿಗೆ ಕಾಯಿ ತಂದುಕೊಡುವವರು ಸಿಗದೆ ಅಂಗಡಿಯ ಪುಡಿ ಕದಡಿಕೊಳ್ಳುವ ಮನೆಗಳಿವೆ. ಅವರನ್ನು ಬೈಯಲಾರೆ. ಕಾಡು ಹೋದರೆ ಹಳದಿ ಹೋಗುತ್ತದೆ, ಅಷ್ಟೇ. ಪರಿಸರದ ಹೆಸರಿನಲ್ಲಿ ಹಣ ತೆಗೆದಿಡುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ.

ಆದ್ದರಿಂದ ಸ್ಥಳೀಯ ಸಂಸ್ಥೆಗಳಿಗೂ ಶಾಲೆಗಳಿಗೂ ನನ್ನ ಬೇಡಿಕೆ ಇದು. ಮುಂದಿನ ವರ್ಷದ ಗೋಡೆ ಚಿತ್ರಕ್ಕೆ ಟೆಂಡರ್ ಕರೆಯುವ ಮೊದಲು ಹತ್ತಿರದ ಹಳ್ಳಿಗಳಲ್ಲಿ ಚಿತ್ತಾರ ಬರೆಯುವವರನ್ನು ವಿಚಾರಿಸಿ. ಕೆಮ್ಮಣ್ಣು, ಅಕ್ಕಿಹಿಟ್ಟು ನಮ್ಮ ಮಳೆಗೆ ಹೊರಗೋಡೆಯಲ್ಲಿ ನಿಲ್ಲುವುದಿಲ್ಲ, ನಿಜ. ಬಸ್ ನಿಲ್ದಾಣದ ಒಳಗೋಡೆ, ಶಾಲೆಯ ಜಗಲಿ, ಆಸ್ಪತ್ರೆಯ ಪಡಸಾಲೆ ಇಲ್ಲವೇ? ಅಲ್ಲೂ ಕೆಲವು ವರ್ಷಕ್ಕೆ ಮಾಸಿದರೆ ಮತ್ತೆ ಬರೆಸಿ, ಮತ್ತೆ ಕೂಲಿ ಕೊಡಿ. ಆ ಕೂಲಿ ಬಣ್ಣದ ಕಲಾವಿದರಿಗೆ ಕೊಡುವುದಕ್ಕಿಂತ ಒಂದು ರೂಪಾಯಿಯೂ ಕಡಿಮೆ ಇರಬಾರದು, ಸಂಘದ ಮೂಲಕ ಸುತ್ತಿ ಬರದೆ ನೇರವಾಗಿ ಬರೆದವರ ಖಾತೆಗೆ ಬೀಳಬೇಕು. ಉದ್ಘಾಟಕರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ಉಮೇದಿದ್ದರೆ ಕೆತ್ತಿಸಿಕೊಳ್ಳಲಿ, ಆದರೆ ಆ ಹೆಸರಿಗಿಂತ ಮೇಲೆ ಚಿತ್ತಾರ ಬರೆದ ಹೆಂಗಸರ ಹೆಸರಿರಲಿ. ಗುರಿಗೆ, ಪುಂಡಿ ಒದಗಿಸಿಕೊಳ್ಳಲು ಅವರಿಗೆ ತಿಂಗಳುಗಟ್ಟಲೆ ಮೊದಲೇ ಹೇಳಬೇಕಾಗುತ್ತದೆ. ಮೇ ಕೊನೆಯ ವಾರದಲ್ಲಿ ಫೋನ್ ಮಾಡಿದರೆ ಆಗುವ ಕೆಲಸ ಇದಲ್ಲ.

– ನಿವೃತ್ತ ಚಿತ್ರಕಲಾ ಶಿಕ್ಷಕಿ, ಸಾಗರ ತಾಲ್ಲೂಕು