ಗೊಂಬೆ ಟ್ರಂಕಿನ ಹಳೇ ಪೇಪರು

ಮೈಸೂರು
ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ

ಚಿ. ಸುಮಂತನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ನಿನ್ನ ಕ್ಷೇಮ ನಿಮ್ಮಮ್ಮನ ಬಾಯಿಂದ ತಿಳಿಯುತ್ತಿದೆ, ನಿನ್ನ ಬಾಯಿಂದ ಅಲ್ಲ.

ಫೋನ್ ಮಾಡಬಹುದಿತ್ತು. ಮಾಡಿದರೆ ‘ಮೀಟಿಂಗಲ್ಲಿದ್ದೀನಿ ದೊಡ್ಡಮ್ಮ’ ಅನ್ನುತ್ತೀಯ. ಕಾಗದಕ್ಕೆ ಹಾಗೆ ಹೇಳೋಕಾಗಲ್ಲ.

ಇವತ್ತು ಬೆಳಿಗ್ಗೆ ಅಟ್ಟದಿಂದ ಗೊಂಬೆ ಟ್ರಂಕು ಇಳಿಸಿದೆವು. ಮುಚ್ಚಳ ತೆಗೆದರೆ ಅದೇ ನುಸಿಗುಳಿಗೆ ವಾಸನೆ. ಪಟ್ಟದ ರಾಜ, ರಾಣಿ ನನ್ನ ಮದುವೆಯಲ್ಲಿ ತವರಿಂದ ಬಂದವು, ಅವಕ್ಕೆ ಹಳೇ ರೇಷ್ಮೆ ಸೀರೆಯ ತುಂಡು. ಉಳಿದವಕ್ಕೆಲ್ಲ ಪೇಪರು. ಹರಿದು ಚಿಂದಿಯಾಗುವವರೆಗೂ ನಾನು ಪೇಪರ್ ಬದಲಿಸುವುದಿಲ್ಲ. ಚನ್ನಪಟ್ಟಣದ ಬ್ಯಾಂಡ್‌ಸೆಟ್ಟಿನವರನ್ನು ಬಿಚ್ಚುತ್ತಾ ಇದ್ದೆ. ಡೋಲು ಹೊಡೆಯುವವನಿಗೆ ಸುತ್ತಿದ್ದ ಹಾಳೆ 2007ರ ಅಕ್ಟೋಬರಿನದು. ಕೆಲಸ ಬಿಟ್ಟು ನೆಲದ ಮೇಲೇ ಕೂತು ಓದಿದೆ.

ಆಗ ನಿನಗೆ ಆರು ವರ್ಷ. ಜೆಡಿಎಸ್‌ನವರೂ ಬಿಜೆಪಿಯವರೂ ಸೇರಿ ಸರ್ಕಾರ ಮಾಡಿದ್ದರು. ಇಪ್ಪತ್ತು ತಿಂಗಳು ನಾವು, ಆಮೇಲೆ ಇಪ್ಪತ್ತು ತಿಂಗಳು ನೀವು ಅಂತ ಒಪ್ಪಂದ. ಬಿಟ್ಟುಕೊಡುವ ದಿನ ಬಂದಾಗ ಜೆಡಿಎಸ್‌ನವರು ಕುರ್ಚಿ ಬಿಟ್ಟುಕೊಡಲಿಲ್ಲ. ಸರ್ಕಾರ ಬಿತ್ತು, ದಸರಾಕ್ಕೆ ಮೊದಲೇ ರಾಷ್ಟ್ರಪತಿ ಆಳ್ವಿಕೆ ಬಂತು. ಊರೆಲ್ಲ ಅದೇ ಮಾತು. ಮೋಸ ಅಂತ ಒಬ್ಬರು, ಸರಿಯಾಗೇ ಮಾಡಿದರು ಅಂತ ಇನ್ನೊಬ್ಬರು.

ನಮ್ಮ ಮನೆಯಲ್ಲೂ ಅದೇ. ನಿಮ್ಮಪ್ಪ ಒಂದು ಕಡೆ, ನಿಮ್ಮ ದೊಡ್ಡಪ್ಪ ಇನ್ನೊಂದು ಕಡೆ. ವಿಜಯದಶಮಿ ಊಟಕ್ಕೆ ಕೂತವರು ಸಾರಿನ ಹೊತ್ತಿಗೆ ಶುರು ಮಾಡಿದರು. ಮಜ್ಜಿಗೆ ಹೊತ್ತಿಗೆ ‘ಇನ್ನು ಈ ಮನೆಗೆ ಕಾಲಿಡಲ್ಲ’ ಅನ್ನುವ ತನಕ ಹೋಯಿತು. ನಿಮ್ಮಪ್ಪ ಜಂಬೂಸವಾರಿಗೂ ಕಾಯದೆ ನಿಮ್ಮನ್ನೆಲ್ಲ ಹೊರಡಿಸಿಕೊಂಡು ಹೋದ. ನೀನು ಆನೆ ನೋಡಬೇಕು ಅಂತ ರಸ್ತೆ ತುಂಬಾ ಅತ್ತೆ. ಇದನ್ನು ನಿನಗೆ ಯಾರೂ ಹೇಳಿರಲಿಕ್ಕಿಲ್ಲ, ಅಲ್ವಾ?

ಹೋದ ವರ್ಷ ನೀನೂ ನಿಮ್ಮ ದೊಡ್ಡಪ್ಪನ ಜೊತೆ ರಾಜಕೀಯಕ್ಕೇ ಜಗಳ ಆಡಿ, ಎಲೆ ಮೇಲೆ ಅರ್ಧ ಒಬ್ಬಟ್ಟು ಬಿಟ್ಟು ಎದ್ದಾಗ ನನಗೆ ಅದೇ ನೆನಪಾಯಿತು. ಅಪ್ಪನ ಮಗ ಅಂದುಕೊಂಡೆ.

ಹಾಗೆ ಜಗಳ ಆಡಿದ್ದಕ್ಕೆ ಏನು ಸಿಕ್ಕಿತು ಹೇಳಲಾ? ಆ ಎರಡು ಪಕ್ಷದವರು ನವೆಂಬರಿನಲ್ಲೇ ಮತ್ತೆ ಒಂದಾದರು. ಆ ಸರ್ಕಾರ ಒಂದು ವಾರ ಇತ್ತು. 2018ರಲ್ಲಿ ಜೆಡಿಎಸ್ ಕಾಂಗ್ರೆಸ್ ಜೊತೆ, 2023ರಲ್ಲಿ ತಿರುಗಿ ಬಿಜೆಪಿ ಜೊತೆ. ಅವರದ್ದು ಅವರಿಗೆ ಸರಿ. ನಮ್ಮ ಮನೆಯ ಅಣ್ಣತಮ್ಮಂದಿರು ಮಾತ್ರ ಡಿಸೆಂಬರ್‌ವರೆಗೂ ಮಾತಾಡಲಿಲ್ಲ.

ರಾಜಕೀಯ ಮಾತಾಡಬೇಡ ಅಂತ ನಾನು ಹೇಳುತ್ತಿಲ್ಲ. ಮೂವತ್ತು ವರ್ಷ ಸಮಾಜ ಪಾಠ ಮಾಡಿದವಳು ಹಾಗೆ ಹೇಳಿದರೆ ಚೆನ್ನಾಗಿರುತ್ತಾ? ನಿನ್ನ ಅಭಿಪ್ರಾಯವನ್ನೂ ಬದಲಿಸಬೇಡ. ನಿಮ್ಮ ದೊಡ್ಡಪ್ಪ ವಾಟ್ಸಾಪಿನಲ್ಲಿ ಬಂದದ್ದನ್ನು ಮೊದಲ ಸಾಲು ಓದಿ ಊರಿಗೆಲ್ಲ ಕಳಿಸುತ್ತಾರೆ, ಅದು ನನಗೂ ಗೊತ್ತು. ಆದರೆ ‘ನಿಮಗೆ ಏನೂ ಗೊತ್ತಿಲ್ಲ’ ಅಂತ ಅಷ್ಟು ಜನರ ಎದುರು ಅಂದೆಯಲ್ಲ, ಅದು ತಪ್ಪು. ಅವರದ್ದೂ ತಪ್ಪಿದೆ, ನಿನ್ನದು ಸ್ವಲ್ಪ ಜಾಸ್ತಿ.

ಅದೂ ಅಲ್ಲದೆ ನಿನ್ನ ಮಾತೆಲ್ಲ ದೆಹಲಿಯದ್ದೇ. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಆಮೇಲೆ ಐದು ವರ್ಷ ಚುನಾವಣೆಯೇ ಆಗಲಿಲ್ಲ. 2025ರಲ್ಲಿ ಒಂದು ಪಾಲಿಕೆ ಹೋಗಿ ಐದಾಯಿತು. ನೀನು ದಿನಾ ಬೈಯುವ ಗುಂಡಿ, ಕಸ, ಚರಂಡಿ ಎಲ್ಲ ಅಲ್ಲೇ ಬರುವುದು. ನಿನ್ನ ವಾರ್ಡ್ ಯಾವುದು ಅಂತ ಕೇಳಿದರೆ ಫೋನ್ ನೋಡದೆ ಹೇಳುತ್ತೀಯಾ? ಮೊದಲು ಅದನ್ನು ತಿಳಿದುಕೋ. ಮನೆ ಮುಂದಿನ ಚರಂಡಿ ಬಗ್ಗೆ ನಿಮ್ಮ ದೊಡ್ಡಪ್ಪನೂ ನೀನೂ ಜಗಳ ಆಡುವುದಿಲ್ಲ ನೋಡು, ಇಬ್ಬರೂ ಸೇರಿ ಬೇರೆಯವರ ಮೇಲೆ ಆಡುತ್ತೀರಿ.

ಇನ್ನು ಓದು. ಎರಡು ವರ್ಷದ ಹಿಂದೆ ಕೊಟ್ಟ ದಪ್ಪ ಕಾದಂಬರಿಯನ್ನು ನೀನು ಇಲ್ಲೇ ಬಿಟ್ಟು ಹೋಗಿದ್ದೀಯ. ತೆಗೆದು ನೋಡಿದೆ, 43ನೇ ಪುಟದಲ್ಲಿ ಬಸ್ ಟಿಕೆಟ್ ಇದೆ. ಮೈಸೂರಿಂದ ಬೆಂಗಳೂರು ತಲುಪುವಷ್ಟರಲ್ಲಿ 43 ಪುಟ, ಆಮೇಲೆ ಮುಗಿಯಿತು. ಸದ್ಯಕ್ಕೆ ಅದು ಗೊಂಬೆ ಮೆಟ್ಟಿಲಿನ ಕೆಳಗಿದೆ, ಮೂರನೇ ಹಲಗೆ ಒಂದು ಕಡೆ ವಾಲುತ್ತಿತ್ತು.

ಪುಸ್ತಕಕ್ಕೆ ದುಡ್ಡು ಜಾಸ್ತಿ ಅನ್ನಬೇಡ. ಆಸ್ತಿ ತೆರಿಗೆಯ ಜೊತೆ ಶೇ. 6 ಗ್ರಂಥಾಲಯ ಕರ ಅಂತ ವಸೂಲಿ ಮಾಡುತ್ತಾರೆ. ನಿನ್ನ ಓನರ್ ಕಟ್ಟುತ್ತಾರೆ, ನಿನ್ನ ಬಾಡಿಗೆಯಲ್ಲಿ ಅದೂ ಸೇರಿರುತ್ತೆ. ಅಂದಮೇಲೆ ಕಬ್ಬನ್ ಪಾರ್ಕಿನ ಆ ಕೆಂಪು ಕಟ್ಟಡ, ಶೇಷಾದ್ರಿ ಅಯ್ಯರ್ ಸ್ಮಾರಕ ಗ್ರಂಥಾಲಯ, ನಿನ್ನದೂ ಹೌದು. ಅದರ ಮುಂದೆ ನಿಂತು ಫೋಟೋ ಹಾಕಿದ್ದೆ. ಒಳಗೆ ಹೋಗಿದ್ದೆಯಾ?

ನಾವು ಚಿಕ್ಕವರಿದ್ದಾಗ ಸರಸ್ವತಿ ಪೂಜೆಗೆ ಪುಸ್ತಕ ಇಟ್ಟರೆ ವಿಜಯದಶಮಿವರೆಗೂ ಮುಟ್ಟುವ ಹಾಗಿರಲಿಲ್ಲ. ಮೊದಲ ದಿನ ಕುಣಿದಾಡುತ್ತಿದ್ದೆವು. ಎರಡನೇ ದಿನಕ್ಕೆ ಕೈ ತುರಿಸೋದು. ಗೊಂಬೆಗೆ ಸುತ್ತಿದ್ದ ಪೇಪರನ್ನು ನಾನು ಬಚ್ಚಲುಮನೆಗೆ ಕದ್ದೊಯ್ದು ಓದುತ್ತಿದ್ದೆ. ಹಳೇ ಪೇಪರ್ ಓದುವ ಚಟ ಅಲ್ಲಿಂದಲೇ ಹತ್ತಿದ್ದು. ಅದರಲ್ಲಿ ಒಂದು ಸುಖ ಇದೆ, ಮುಂದೇನಾಯಿತು ಅಂತ ನಮಗೆ ಗೊತ್ತಿರುತ್ತೆ, ಬರೆದವನಿಗೆ ಗೊತ್ತಿರಲ್ಲ.

ಆನೆಗೆ ಸುತ್ತಿದ್ದದ್ದು ಅದೇ ವರ್ಷ ಆಗಸ್ಟಿನ ಕ್ರೀಡಾ ಪುಟ. ಓವಲ್‌ನಲ್ಲಿ ಕುಂಬ್ಳೆ ಔಟಾಗದೆ 110. ನೂರಹದಿನೆಂಟನೇ ಟೆಸ್ಟಿನಲ್ಲಿ ಮೊದಲ ಶತಕ, ಅದೇ ಕೊನೆಯದ್ದೂ. ನೂರು ಆದದ್ದು ಬ್ಯಾಟಿನ ಒಳಅಂಚಿಗೆ ತಗುಲಿ ಹೋದ ಬೌಂಡರಿಯಿಂದ. ಅವರ ಸಂಭ್ರಮ ನೋಡಬೇಕಿತ್ತು! ದ್ರಾವಿಡ್ ಆ ಸರಣಿ ಗೆದ್ದು ಬಂದು ಮುಂದಿನ ತಿಂಗಳೇ ನಾಯಕತ್ವ ಬಿಟ್ಟ. ನೀನು ಒಂದು ಕೆಲಸದಲ್ಲಿ ಹತ್ತು ತಿಂಗಳು ಇದ್ದು ‘ಗ್ರೋತ್ ಇಲ್ಲ’ ಅಂತ ಬೇರೆ ಕಡೆ ಹುಡುಕುತ್ತಿದ್ದೀಯಂತೆ. ಇರು ಅಂತಲೂ ಹೇಳಲ್ಲ, ಬಿಡು ಅಂತಲೂ ಹೇಳಲ್ಲ. ಸುಮ್ನೆ ಆ ನೂರಹದಿನೆಂಟು ನೆನಪಿಟ್ಟುಕೋ.

ಅಪ್ಪ, ದೊಡ್ಡಪ್ಪ ರಾಜಿಯಾದದ್ದು ಹೇಗೆ ಅಂತ ಹೇಳಲೇ ಇಲ್ಲ. ಡಿಸೆಂಬರಿನಲ್ಲಿ ಬೆಂಗಳೂರಲ್ಲಿ ಪಾಕಿಸ್ತಾನದ ಮೇಲೆ ಟೆಸ್ಟ್. ಕುಂಬ್ಳೆ ಆಗ ನಾಯಕ. ಗಂಗೂಲಿ ಇನ್ನೂರು ದಾಟಿ ಆಡುತ್ತಾ ಇದ್ದಾಗ ನಮ್ಮ ಮನೆಯಲ್ಲಿ ಕರೆಂಟ್ ಹೋಯಿತು. ನಿಮ್ಮ ದೊಡ್ಡಪ್ಪ ಹತ್ತು ನಿಮಿಷ ಚಡಪಡಿಸಿದರು. ಆಮೇಲೆ ಫೋನ್ ಎತ್ತಿ ತಮ್ಮನಿಗೆ ಮಾಡಿದರು. ‘ಎಷ್ಟಾಯ್ತೋ?’ ಅಂದರು. ಆ ಕಡೆಯಿಂದ ಸ್ಕೋರ್ ಬಂತು. ಗಂಗೂಲಿ 239ಕ್ಕೆ ಔಟಾಗುವವರೆಗೂ ಇಬ್ಬರೂ ಫೋನ್ ಇಡಲಿಲ್ಲ. ಕ್ಷಮೆಯ ಮಾತೇ ಬರಲಿಲ್ಲ.

ಆದ್ದರಿಂದ ನೀನೂ ಕ್ಷಮೆ ಗಿಮೆ ಅಂತ ತಯಾರಿ ಮಾಡಿಕೊಂಡು ಬರಬೇಡ. ಸುಮ್ನೆ ಬಾ. ಆಯುಧಪೂಜೆಯ ಬೆಳಿಗ್ಗೆ ಬಂದರೆ ಅವರ ಹಳೇ ಸ್ಕೂಟರ್ ತೊಳೆಯೋಕೆ ಒಂದು ಕೈ ಆಗುತ್ತೆ. ಸೊಂಟ ಬಗ್ಗಲ್ಲ ಅವರಿಗೆ, ಯಾರನ್ನೂ ಕರೆಯೋದೂ ಇಲ್ಲ.

ಬರುವಾಗ ಹಳೇ ಪೇಪರ್ ಒಂದು ಕಟ್ಟು ತಗೊಂಡು ಬಾ. ಈ ಸಲ ಎಂಟು ಹತ್ತು ಹಾಳೆ ಪುಡಿಯಾಗಿವೆ, ಹೊಸದು ಸುತ್ತಬೇಕು. ನೀನು ಎಲ್ಲ ಫೋನಲ್ಲೇ ಓದುವವನು, ನಿನ್ನ ಹತ್ತಿರ ಇರಲ್ಲ. ಓನರ್ ಮನೆಯಲ್ಲಿ ಕೇಳು.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಮ್ಮ