ರಕ್ತ ಕಂಡರೆಲ್ಲ ಮೂಲವ್ಯಾಧಿಯಲ್ಲ

ಮಾನ್ಯ ಸಂಪಾದಕರೇ,

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದೇ ತೀರ್ಮಾನ. ರಕ್ತದ ಜೊತೆ ಲೋಳೆ, 4 ವಾರ ದಾಟಿದ ಭೇದಿ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಅವಸರ, ತೂಕ ಇಳಿಕೆ ಇದ್ದರೆ ಕರುಳಿನ ದೀರ್ಘಕಾಲದ ಉರಿಯೂತವನ್ನು ಶಂಕಿಸಬೇಕು. ಅದರಲ್ಲಿ ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರದಲ್ಲಿರುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದವರೆಗೆ ಎಲ್ಲಿಯೂ ಬರಬಹುದು, ಕರುಳಿನ ಗೋಡೆಯ ಆಳಕ್ಕೂ ಇಳಿಯುತ್ತದೆ. ನಮ್ಮಲ್ಲಿ ದೊಡ್ಡ ತೊಡಕು ಕರುಳಿನ ಕ್ಷಯ. ಅದು ಕ್ರೋನ್ಸ್‌ನಂತೆಯೇ ಕಾಣುತ್ತದೆ. ಕೊಲೊನೊಸ್ಕೋಪಿಯಲ್ಲಿ (ಗುದದ ಮೂಲಕ ಕ್ಯಾಮೆರಾ ನಳಿಕೆ ಬಿಟ್ಟು ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಕರುಳಿನ ತುಣುಕು ತೆಗೆದು ಪರೀಕ್ಷಿಸದೆ, ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಕೊಟ್ಟರೆ ಕ್ಷಯ ಉಲ್ಬಣಿಸುತ್ತದೆ.

ಮಂಗಳೂರಿಗೆ ಹೋಗಿ ಬರೆಸಿಕೊಂಡು ಬಂದ ಮೆಸಲಮೈನ್ ಎಂಬ ಕರುಳಿನ ಉರಿಯೂತದ ಮಾತ್ರೆಯನ್ನು ರಕ್ತ ನಿಂತ ಕೂಡಲೇ ಬಿಡುವವರೇ ಹೆಚ್ಚು. ಕರುಳಿನ ಹುಣ್ಣು ಮಾಯುವ ಮೊದಲೇ ಲಕ್ಷಣ ಅಡಗುತ್ತದೆ. ಬಿಟ್ಟರೆ ಕಾಯಿಲೆ ಮರುಕಳಿಸುತ್ತದೆ. ಸ್ಟೀರಾಯ್ಡ್ ಮಾತ್ರ ವರ್ಷಗಟ್ಟಲೆ ನುಂಗುವಂಥದ್ದಲ್ಲ, ಥಟ್ಟನೆ ನಿಲ್ಲಿಸುವಂಥದ್ದೂ ಅಲ್ಲ. ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಸೊಂಟನೋವಿಗೆಂದು ಅಂಗಡಿಯಿಂದ ತರುವ ಡೈಕ್ಲೋಫೆನಾಕ್ ಕರುಳನ್ನು ಕೆರಳಿಸಬಹುದು. ಕುಚ್ಚಲಕ್ಕಿ ಗಂಜಿಯನ್ನು ದೂರುವುದರಲ್ಲಿ ಅರ್ಥವಿಲ್ಲ, ಕಾಯಿಲೆ ಹುಟ್ಟುವುದು ಗಂಜಿಯಿಂದಲ್ಲ. ದೊಡ್ಡ ಕರುಳಿನ ಬಹುಭಾಗಕ್ಕೆ ಕಾಯಿಲೆ ಹರಡಿ 8 ವರ್ಷವಾದವರು ಆರಾಮವಿದ್ದರೂ ಕ್ಯಾನ್ಸರ್ ತಪಾಸಣೆಗೆ ಕೊಲೊನೊಸ್ಕೋಪಿ ಮಾಡಿಸಿಕೊಳ್ಳಬೇಕು.

– ವೈದ್ಯ ಓದುಗರು, ಕಾಸರಗೋಡು